ರಸ್ತೆ ನಕ್ಷೆ ಆಗೋ ಮುಂಚೆ ಅಲ್ಲಿ ಓಡಾಡೋ ಹುಡುಗ್ಯಾರನ್ನ ಕೇಳೋದು ಹೆಂಗ? (ಧಾರವಾಡ, ಕೋಚಿಂಗ್ ಓಣಿಗಳು)

ಸಪ್ತಾಪುರ ಓಣಿ
ಎಲ್ಲಾರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದ ಸುತ್ತಮುತ್ತ ಪರಿಸ್ಥಿತಿ ನಿಮಗ ಗೊತ್ತ ಐತಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದಾಕ ಸುತ್ತಲಿನ ಜಿಲ್ಲೆಗಳಿಂದ ಬಂದ ಹುಡುಗ್ಯಾರು ಪಿಜಿ, ಹಾಸ್ಟೆಲ್‌ನಾಗ ತುಂಬ್ಯಾರ. ರೀಡಿಂಗ್ ರೂಮ್‌ನಿಂದ ಹೊರಗ ಬೀಳೋದು ರಾತ್ರಿ 9, 10 ಗಂಟೆಗೆ. ಫುಟ್‌ಪಾತ್ ಇದ್ದಲ್ಲಿ ಬೈಕ್ ನಿಂತಿರ್ತಾವ, ದೀಪ ಇದ್ದಲ್ಲಿ ಗಿಡದ ನೆರಳು.

ಇಂಥಾ ರಸ್ತೆಗಳ ಕೆಲಸ ಬಂದಾಗ ಹುಡುಗ್ಯಾರಿಗೆ ಒಂದು ಗೂಗಲ್ ಫಾರ್ಮ್ ಕಳಸ್ತಾರ, ಇಲ್ಲಾ ಉದ್ಘಾಟನೆಗೆ ಕರೀತಾರ. ನಡುವಿನ ಕೆಲಸದಾಗ, ಅಂದ್ರ ನಕ್ಷೆ ಬರಿಯೋವಾಗ, ಅವರನ್ನ ಕೂರಿಸ್ಕೊಳ್ಳೋದು ಹೆಂಗ? ಎಷ್ಟು ಮಂದಿ ಬೇಕು, ಯಾವಾಗ ನಡೀಬೇಕು, ಏನು ಕೇಳಬೇಕು, ಅವರು ಹೇಳಿದ್ದು ಬರೇ ಕಾಗದದಾಗ ಉಳೀದೇ, ಕೆಲಸಕ್ಕ ಬರೋ ಹಂಗ ಏನು ಮಾಡ್ಬೇಕು? ತಿಳಿದವರು ಬಿಡಿಸಿ ಹೇಳ್ರಿ.

ನಕ್ಷೆಗಾರ್ತಿ
ಮೊದಲು ಕೇಳಬೇಕಾದ್ದು ಒಂದೇ: ಎಸ್ಟಿಮೇಟ್ ಆಗಿದೆಯಾ ಇಲ್ಲವಾ? ಆಗಿದ್ದರೆ ಹುಡುಗಿಯರು ಹೇಳಿದ್ದರಲ್ಲಿ ಟೈಲ್ಸ್ ಬಣ್ಣ ಬಿಟ್ಟು ಬೇರೇನೂ ಬದಲಾಗೋದಿಲ್ಲ. ಟೆಂಡರ್ ಆದಮೇಲೆ ಯಾವ ಬದಲಾವಣೆಯೂ ‘ವೇರಿಯೇಷನ್’ ಆಗುತ್ತೆ, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು, ಯಾರೂ ಕೈಹಾಕೋದಿಲ್ಲ. ಸರ್ವೆ ನಕ್ಷೆ ಸಿದ್ಧವಾಗಿ ವಿನ್ಯಾಸ ಶುರುವಾಗದೇ ಇರೋ ಆ ಕೆಲವು ವಾರಗಳೇ ನಿಮ್ಮ ಸಮಯ.

ನಡಿಗೆ ತನಿಖೆ, ಅಂದರೆ ಹೆಂಗಸರೇ ಗುಂಪಾಗಿ ರಸ್ತೆ ನಡೆದು ತೊಂದರೆ ಇರೋ ಜಾಗ ಗುರುತಿಸೋದು, ಹೊಸದೇನಲ್ಲ. ಟೊರೊಂಟೊದ ಮೆಟ್ರಾಕ್ ಸಂಸ್ಥೆ 1989ರಲ್ಲೇ ಅದರ ಕೈಪಿಡಿ ಮಾಡಿತು. ದೆಹಲಿಯಲ್ಲಿ ಜಾಗೋರಿ ಸಂಘಟನೆ ಅದನ್ನ ಇಲ್ಲಿನ ರಸ್ತೆಗಳಿಗೆ ಹೊಂದಿಸಿಕೊಂಡಿತು. ಕ್ರಮ ಹೀಗಿರಲಿ:

ಒಂದು ಗುಂಪಿಗೆ 6ರಿಂದ 8 ಜನ. ಒಂದು ನಡಿಗೆಗೆ 500ರಿಂದ 800 ಮೀಟರ್, ಅದಕ್ಕಿಂತ ಉದ್ದ ಬೇಡ. ಅಷ್ಟಕ್ಕೇ ಒಂದೂವರೆ ಗಂಟೆ ಹಿಡಿಯುತ್ತೆ. ಒಬ್ಬಳು ನಕ್ಷೆಯಲ್ಲಿ ಗುರುತು ಹಾಕೋದು, ಒಬ್ಬಳು ಫೋಟೊ, ಒಬ್ಬಳು ಟೇಪು ಹಿಡಿದು ಅಳತೆ, ಒಬ್ಬಳು ಬರೆಯೋದು, ಇಬ್ಬರು ಎಣಿಕೆ. ಎಣಿಕೆ ಅಂದರೆ ಒಂದು ಜಾಗದಲ್ಲಿ 5 ನಿಮಿಷ ನಿಂತು ಗಂಡಸರೆಷ್ಟು ಹೆಂಗಸರೆಷ್ಟು, ನಡೆಯೋರೆಷ್ಟು ನಿಂತೋರೆಷ್ಟು ಕೂತೋರೆಷ್ಟು ಅಂತ. ಹೆಂಗಸರು ನಡೀತಾರೆ ಆದರೆ ನಿಲ್ಲೋದಿಲ್ಲ ಅನ್ನೋದು ಈ ಲೆಕ್ಕದಲ್ಲಿ ಮಾತ್ರ ಕಾಣುತ್ತೆ.

ನಕ್ಷೆ 1:500 ಅಳತೆಯದು ಸಾಕು, 1 ಸೆಂ.ಮೀ.ಗೆ 5 ಮೀಟರ್. ಎ1 ಹಾಳೆಯ ಉದ್ದದಲ್ಲಿ ಸುಮಾರು 400 ಮೀಟರ್ ರಸ್ತೆ ಕೂರುತ್ತೆ. ಕಂಬದ ನಂಬರ್, ಟಿ.ಸಿ. (ಟ್ರಾನ್ಸ್‌ಫಾರ್ಮರ್), ಚರಂಡಿ, ಗಿಡ, ಗೇಟು ಎಲ್ಲಾ ಮೊದಲೇ ಅದರಲ್ಲಿರಲಿ. ಕಂಬದ ನಂಬರ್ ಇಲ್ಲದ ದೂರನ್ನ ಯಾವ ಲೈನ್‌ಮ್ಯಾನೂ ಹುಡುಕೋದಿಲ್ಲ.

ಒಂದೇ ರಸ್ತೆಯನ್ನ ಬೆಳಿಗ್ಗೆ 6, ಮಧ್ಯಾಹ್ನ 1, ಸಂಜೆ 7, ರಾತ್ರಿ 9.30, ನಾಲ್ಕೂ ಹೊತ್ತು ನಡೀಬೇಕು. ಒಂದು ಭಾನುವಾರ ಸೇರಿಸಿ. ಕೋಚಿಂಗ್ ರಜೆ ದಿನ ಆ ಓಣಿಗಳು ಬೇರೆಯದೇ ಊರು.

ಹಳೇ ಜಂಕ್ಷನ್
ಇಷ್ಟೆಲ್ಲಾ ಯಾಕ್ರೀ? ಪ್ರತಿ ಮೂಲಿಗೆ ಒಂದು ಸಿಸಿ ಕ್ಯಾಮೆರಾ ಹಾಕಿ ರಾತ್ರಿ ಎರಡು ಸಲ ಬೀಟ್ ಪೊಲೀಸರು ಬಂದು ಹೋದ್ರ ಮುಗೀತು. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯೊಳಗ ಬೆಂಗಳೂರು ಸೇರಿ 8 ನಗರಕ್ಕ ರೊಕ್ಕ ಕೊಟ್ಟಾರಲ್ಲ. ಹುಡುಗ್ಯಾರನ್ನ ರಾತ್ರಿ ಟೇಪು ಹಿಡ್ಕೊಂಡು ತಿರುಗಿಸೋದ ಅಪಾಯದ ಕೆಲಸ.

ಬೀದಿಬದಿ
@ಹಳೇ ಜಂಕ್ಷನ್ ಅಣ್ಣಾ, ಕ್ಯಾಮೆರಾ ಆದಮೇಲೆ ತೋರಿಸುತ್ತೆ, ಆಗೋವಾಗ ಬಂದು ನಿಲ್ಲೋದಿಲ್ಲ. ಹುಡುಗಿಯರು ನಕ್ಷೆ ಮೇಲೆ ‘ಇಲ್ಲಿ ಧೈರ್ಯ’ ಅಂತ ಹಸಿರು ಚುಕ್ಕಿ ಅಂಟಿಸೋ ಜಾಗ ನೋಡಿ: ಮೆಡಿಕಲ್ ಶಾಪ್, ಗಿರ್ಮಿಟ್-ಮಿರ್ಚಿ ಗಾಡಿ, ಜೆರಾಕ್ಸ್ ಅಂಗಡಿ, ಆಟೊ ಸ್ಟ್ಯಾಂಡ್ ಪಕ್ಕದ ಚಹಾದಂಗಡಿ. ರಸ್ತೆ ‘ಸುಧಾರಣೆ’ ಮಾಡೋವಾಗ ಮೊದಲು ಎತ್ತಂಗಡಿ ಆಗೋದೂ ಇವೇ ಗಾಡಿಗಳು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಡಿಗೆ ತನಿಖೆಯ ನಕ್ಷೆಯ ಒಂದು ಪ್ರತಿ ಆ ಸಮಿತಿಗೂ ಹೋಗಬೇಕು. ರಾತ್ರಿ 10ರವರೆಗೆ ಇರೋ ಗಾಡಿಗೆ ಕತ್ತಲ ತಿರುವಿನ ಹತ್ತಿರ ಜಾಗ ಗುರುತು ಮಾಡಿ ಕೊಟ್ಟರೆ ಅದು ದೀಪದ ಕಂಬಕ್ಕಿಂತ ಹೆಚ್ಚು ಕೆಲಸ ಮಾಡುತ್ತೆ.

ಹಳೇ ಜಂಕ್ಷನ್
ಗಾಡಿ ಮುಂದ ಗಂಡಸರ ಗುಂಪು ನಿಂತು ಸಿಗರೇಟು ಸೇದೋದೂ ಅಲ್ಲೇ ಅಲ್ಲೇನ್ರೀ? ಅದಕ್ಕ ಏನಂತೀರಿ?

ಬೀದಿಬದಿ
ನಿಜ, ಅದಕ್ಕೇ ಎಲ್ಲಾ ಗಾಡಿಗೂ ಹಸಿರು ಚುಕ್ಕಿ ಬೀಳೋದಿಲ್ಲ. ತಿಂಡಿ ಗಾಡಿಗೆ, ಹೂವು-ಹಣ್ಣಿನ ಗಾಡಿಗೆ ಹಸಿರು, ಪಾನ್ ಡಬ್ಬಿಗೆ ಕೆಂಪು, ಸಾಮಾನ್ಯವಾಗಿ ಹೀಗೇ ಬರೋದು. ಅದನ್ನ ನಾನು ನೀವು ಊಹೆ ಮಾಡೋದು ಬೇಡ, ನಡೆಯೋರೇ ಅಂಟಿಸಲಿ ಅನ್ನೋದೇ ಇಲ್ಲಿನ ಮಾತು.

ಕಂಬದ ಕೆಳಗೆ
ದೀಪದ ವಿಷಯ ಬಿಡಿಸಿ ಹೇಳ್ತೀನಿ, ಯಾಕಂದ್ರ ಇಲ್ಲಿ ಹೆಚ್ಚು ತಪ್ಪು ಆಗೋದು.

ಭಾರತೀಯ ಮಾನಕ ಐಎಸ್ 1944ರಾಗ ರಸ್ತೆಗಳನ್ನ ಗುಂಪು ಮಾಡ್ಯಾರ. ಮಿಶ್ರ ವಾಹನ ಹೆಚ್ಚಿರೋ ಮುಖ್ಯ ರಸ್ತೆ ಎ2, ಸರಾಸರಿ 15 ಲಕ್ಸ್ (ಲಕ್ಸ್ ಅಂದ್ರ ನೆಲದ ಮ್ಯಾಲೆ ಬೀಳೋ ಬೆಳಕಿನ ಅಳತೆ). ಎರಡನೇ ದರ್ಜೆ ರಸ್ತೆ ಬಿ1, 8 ಲಕ್ಸ್. ಸಣ್ಣ ಓಣಿ ಬಿ2, 4 ಲಕ್ಸ್. ಇದರ ಜೊತಿಗೆ ಇನ್ನೊಂದು ಅಂಕಿ ಐತಿ, ಅದನ್ನ ಯಾರೂ ನೋಡೋದಿಲ್ಲ: ಅತಿ ಕಡಿಮೆ ಬೆಳಕು ಭಾಗಿಸು ಸರಾಸರಿ ಬೆಳಕು. ಎ ಗುಂಪಿಗೆ ಅದು 0.4 ಇರಬೇಕು, ಬಿ ಗುಂಪಿಗೆ 0.3.

ಲೆಕ್ಕ ನೋಡ್ರಿ. ಎರಡು ಕಂಬದ ನಡುವ ಐದು ಕಡೆ ನೆಲದ ಮ್ಯಾಲೆ ಲಕ್ಸ್ ಮೀಟರ್ ಇಟ್ಟು 28, 12, 3, 11, 26 ಬಂತು ಅಂತ ಇಟ್ಕೊಳ್ರಿ. ಸರಾಸರಿ 16. ಕಾಗದದ ಮ್ಯಾಲೆ ಎ2 ಪಾಸು. ಆದ್ರ 3 ಭಾಗಿಸು 16 ಅಂದ್ರ 0.19. ಅಂದ್ರ ನಡುವ ಕತ್ತಲ ಗುಂಡಿ ಐತಿ, ಬೆಳಕಿನಿಂದ ಬಂದ ಕಣ್ಣಿಗೆ ಅದು ಇನ್ನಷ್ಟು ಕಪ್ಪು ಕಾಣ್ತದ. ‘ಸರಾಸರಿ ಸರಿ ಐತಿ’ ಅಂತ ಎಂಜಿನಿಯರು, ‘ಕತ್ತಲ ಐತಿ’ ಅಂತ ಹುಡುಗ್ಯಾರು. ಇಬ್ಬರೂ ಖರೇ ಹೇಳಾಕತ್ತಾರ. ಐದೂ ಅಂಕಿ ಬರೆದು ಕೊಟ್ರ ವಾದ ಅಲ್ಲಿಗೇ ಮುಗೀತದ.

ಇನ್ನೊಂದು. ಈ ಅಳತೆ ಎಲ್ಲಾ ಗಾಡಿ ಓಡೋ ಜಾಗದ್ದು, ಫುಟ್‌ಪಾತಿಂದಲ್ಲ. 9 ಮೀಟರ್ ಕಂಬ ಡಿವೈಡರ್ ಮ್ಯಾಲೆ, ಗಿಡದ ತಲಿ 5 ಮೀಟರ್‌ಗೆ. ಫುಟ್‌ಪಾತ್ ಪೂರ್ತಿ ನೆರಳು. ಗಿಡ ಕಡೀಬ್ಯಾಡ್ರಿ. ಕಂಬ ಬದಿಗೆ ಇದ್ರ ಅದರ ಹಿಂದಿನ ಮುಖಕ್ಕ 4ರಿಂದ 5 ಮೀಟರ್ ಎತ್ತರದಾಗ ಇನ್ನೊಂದು ಸಣ್ಣ ಬ್ರಾಕೆಟ್ ದೀಪ ಹಾಕಿದ್ರ ಬೆಳಕು ಗಿಡದ ಕೆಳಗ ಬೀಳ್ತದ. ಕಂಬದಿಂದ ಕಂಬಕ್ಕ ದೂರ ದೀಪದ ಎತ್ತರದ ಮೂರು, ಮೂರೂವರೆ ಪಟ್ಟು. 5 ಮೀಟರ್ ಎತ್ತರಕ್ಕ 15ರಿಂದ 17 ಮೀಟರ್. 30 ಮೀಟರ್‌ಗೊಂದು ಹಾಕಿದ್ರ ಮತ್ತ ಅದೇ ಗುಂಡಿ.

ಅಕ್ಕಪಕ್ಕದ ಕಂಬ ಒಂದೇ ಫೇಸ್‌ನಾಗ (ಕರೆಂಟಿನ ಮೂರು ತಂತಿಯೊಳಗ ಒಂದರಾಗ) ಬ್ಯಾಡ. ಆರ್, ವೈ, ಬಿ ಅಂತ ಸರದಿ ಹಚ್ಚಿದ್ರ ಒಂದು ಫೇಸ್ ಹೋದ್ರೂ ಇಡೀ ಓಣಿ ಕತ್ತಲಾಗೋದಿಲ್ಲ. ಇದಕ್ಕ ಖರ್ಚು ಹೆಚ್ಚಿಲ್ಲ, ಮೊದಲೇ ಹೇಳಬೇಕು ಅಷ್ಟ.

ಮಲ್ಲಿಗೆ ಮಾಳ
ಮೊಬೈಲ್ ಆ್ಯಪ್‌ನಲ್ಲಿ ಲಕ್ಸ್ ಅಳೆದರೆ ಆಗೋದಿಲ್ವಾ?

ಕಂಬದ ಕೆಳಗೆ
ಬ್ಯಾಡ. ಒಂದೊಂದು ಫೋನಿನ ಸೆನ್ಸರ್ ಒಂದೊಂದು ಹೇಳ್ತದ, 10 ಲಕ್ಸ್ ಕೆಳಗ ನಂಬಾಕ ಬರೂದಿಲ್ಲ. ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬ್‌ನಾಗ ಲಕ್ಸ್ ಮೀಟರ್ ಇರ್ತದ, ಕೇಳಿ ತಗೊಳ್ರಿ. ಫೋಟೊಕ್ಕೂ ಎಚ್ಚರ: ಈಗಿನ ಫೋನು ನೈಟ್ ಮೋಡ್‌ನಾಗ ಕತ್ತಲನ್ನೂ ಹಗಲು ಮಾಡಿ ತೋರಸ್ತದ. ಅದನ್ನ ಆರಿಸಿ, ಎಕ್ಸ್‌ಪೋಷರ್ ಲಾಕ್ ಮಾಡಿ, ಎಲ್ಲಾ ಫೋಟೊ ಒಂದ ಎತ್ತರದಿಂದ ತಗೀರಿ. ಇಲ್ಲಾಂದ್ರ ಸಭೆಯೊಳಗ ‘ಇಷ್ಟು ಬೆಳಕೈತಲ್ಲವಾ’ ಅಂತ ನಿಮ್ಮ ಫೋಟೊನೇ ನಿಮಗ ತೋರಸ್ತಾರ.

ಸಪ್ತಾಪುರ ಓಣಿ
ಇದು ಭಾಳ ಉಪಯೋಗದ ಮಾತು. ಕೇಳೋ ಪ್ರಶ್ನೆ ಹೆಂಗಿರಬೇಕು? ‘ಇಲ್ಲಿ ಸುರಕ್ಷಿತ ಅನಸ್ತದೇನು’ ಅಂದ್ರ ಎಲ್ಲಾರೂ ‘ಹೂಂ, ಪರವಾಗಿಲ್ಲ’ ಅಂತಾರ.

ನಕ್ಷೆಗಾರ್ತಿ
ಆ ಪ್ರಶ್ನೆಯನ್ನೇ ಕೇಳಬೇಡಿ. ಭಾವನೆ ಕೇಳೋ ಬದಲು ಮಾಡೋದನ್ನ ಕೇಳಿ. ಎಲ್ಲಿ ಹೆಜ್ಜೆ ಜೋರಾಗುತ್ತೆ? ಎಲ್ಲಿ ಫೋನಿನಲ್ಲಿ ಮಾತಾಡೋ ಥರ ಮಾಡ್ತೀರಿ? ಎಲ್ಲಿ ರಸ್ತೆ ದಾಟಿ ಆ ಬದಿಗೆ ಹೋಗ್ತೀರಿ? ಹತ್ತಿರದ ದಾರಿ ಬಿಟ್ಟು ಸುತ್ತಿ ಬರೋದು ಎಲ್ಲಿ, ಯಾವ ಹೊತ್ತಿನ ಮೇಲೆ? ಯಾರಿಗಾದರೂ ಕಾಯಬೇಕಾದರೆ ಎಲ್ಲಿ ನಿಲ್ತೀರಿ? ಇವಕ್ಕೆ ಉತ್ತರ ಕೊಡೋಕೆ ಯಾರಿಗೂ ಮುಜುಗರ ಇಲ್ಲ. ಎಲ್ಲವನ್ನೂ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಬಹುದು. ಸುತ್ತುದಾರಿಯ ಗೆರೆಗಳು ಹತ್ತು ಜನರದ್ದು ಒಂದರ ಮೇಲೊಂದು ಬಿದ್ದಾಗ ಯಾವ ತಿರುವು ಕೆಟ್ಟಿದೆ ಅಂತ ಬೇರೆ ಪುರಾವೆ ಬೇಡ.

ಪಟ್ಟಿ ಬೇಕಾದರೆ 2013ರಲ್ಲಿ ದೆಹಲಿಯಲ್ಲಿ ಶುರುವಾದ ಸೇಫ್ಟಿಪಿನ್ (ರಸ್ತೆಗಳ ಸುರಕ್ಷತೆ ಅಳೆಯೋ ಆ್ಯಪ್) ಅವರ 9 ಅಂಶಗಳು ಒಳ್ಳೆ ಆಧಾರ: ಬೆಳಕು, ಬಯಲು, ಸುತ್ತಲಿನ ಕಿಟಕಿ-ಬಾಗಿಲುಗಳಿಂದ ಕಾಣುತ್ತಾ, ಜನ, ಕಾವಲು, ನಡೆಯೋ ದಾರಿ, ಸಾರಿಗೆ, ಅಲ್ಲಿರೋರಲ್ಲಿ ಹೆಂಗಸರು-ಮಕ್ಕಳು ಎಷ್ಟು, ಕೊನೆಗೆ ಅನಿಸಿಕೆ. ಮೂರನೆಯದನ್ನ ನಮ್ಮವರು ಮರೀತಾರೆ. ಎರಡೂ ಬದಿ 2 ಮೀಟರ್ ಕಾಂಪೌಂಡ್ ಗೋಡೆ ಇರೋ ರಸ್ತೆಗೆ 50 ಲಕ್ಸ್ ಕೊಟ್ಟರೂ ಅಲ್ಲಿ ನಡೆಯೋರು ಯಾರ ಕಣ್ಣಿಗೂ ಬೀಳೋದಿಲ್ಲ. ಗೋಡೆ 1 ಮೀಟರ್, ಅದರ ಮೇಲೆ ಜಾಲರಿ ಅಂತ ಮಾಡಿಸಿದರೆ ಅರ್ಧ ಸಮಸ್ಯೆ ಹೋಗುತ್ತೆ. ಪೊದೆ ಸೊಂಟದ ಕೆಳಗೆ, ಮರದ ಕೊಂಬೆ ತಲೆಯ ಮೇಲೆ.

ಕೆಲಗೇರಿ ದಂಡೆ
ಹುಡುಗ್ಯಾರು ಅಂದ್ರ ಯಾರು? ಬರೇ ಕಾಲೇಜಿನ ಎನ್‌ಎಸ್‌ಎಸ್ ಹುಡುಗ್ಯಾರನ್ನ ಕರಕೊಂಡು ಬಂದು ‘ಯುವತಿಯರ ಅಭಿಪ್ರಾಯ’ ಅಂತ ವರದಿ ಮಾಡೋದು ನಿಲ್ಲಬೇಕು. ಸುಭಾಸ ರೋಡಿನ ಅರಿವಿ ಅಂಗಡಿಯೊಳಗ ದಿನಾ ನಿಂತು ದುಡಿಯೋ ಹುಡುಗಿ ಅಂಗಡಿ ಮುಚ್ಚಿದ ಮ್ಯಾಲೆ ಮನಿಗೆ ಹೊರಡತಾಳ. ನರ್ಸ್ ಶಿಫ್ಟ್ ಬಿಡೋದು ಬ್ಯಾರೆ ಹೊತ್ತು. ಪೌರಕಾರ್ಮಿಕ ಹೆಣ್ಣುಮಕ್ಕಳು ಕತ್ತಲ ಇರೋವಾಗ್ಲೇ ರಸ್ತೆ ಮ್ಯಾಲೆ ಇರ್ತಾರ. ಗಾಲಿಕುರ್ಚಿ ಹುಡುಗಿ ಒಬ್ಬಾಕಿನೂ ಇಲ್ಲದ ಗುಂಪು ಮೆಟ್ಟಲದ ಬಗ್ಗೆ ಏನು ಹೇಳೀತು?

ಮಲ್ಲಿಗೆ ಮಾಳ
ನೂರಕ್ಕೆ ನೂರು ನಿಜ. ಮತ್ತೆ ದುಡ್ಡು! ಎನ್‌ಎಸ್‌ಎಸ್‌ನವರಿಗೆ ವರ್ಷಕ್ಕೆ 120 ಗಂಟೆ ಸೇವೆ ಲೆಕ್ಕ ಇದೆ, ಅದರಲ್ಲಿ ಇದನ್ನ ಸೇರಿಸಬಹುದು. ಅಂಗಡಿ ಹುಡುಗಿ ಯಾಕೆ ಬರಬೇಕು? ಒಂದು ಸಂಜೆಯ ಕೂಲಿ ಕಳಕೊಂಡು ಪಾಲಿಕೆಗೆ ಪುಕ್ಕಟೆ ಸಲಹೆ ಕೊಡೋಕಾ? ಕನ್ಸಲ್ಟೆಂಟ್‌ಗೆ ಸಂಭಾವನೆ ಇದೆ, ಸರ್ವೇಯರ್‌ಗೆ ಇದೆ. ಅರ್ಧ ದಿನದ ಕೂಲಿ, ಊಟ, ರಾತ್ರಿ ಮನೆ ಬಾಗಿಲವರೆಗೆ ವಾಹನ, ಈ ಮೂರೂ ಬಜೆಟ್‌ನಲ್ಲಿ ಮೊದಲೇ ಬರೀರಿ. ವಾಹನ ಇಲ್ಲದಿದ್ದರೆ ರಾತ್ರಿ ನಡಿಗೆಗೆ ಪಿಜಿಯವರೂ ಬಿಡೋದಿಲ್ಲ, ಮನೆಯವರೂ ಬಿಡೋದಿಲ್ಲ.

ಕಾಯ್ದೆ ಕಟ್ಟು
ಯಾರೂ ಹೇಳದ ಒಂದು ವಿಷಯ. ಗುಂಪಿನಲ್ಲಿ 18ಕ್ಕಿಂತ ಕೆಳಗಿನವರು (ಪಿಯುಸಿ ಹುಡುಗಿಯರು) ಇದ್ದರೆ ಎರಡು ಸಿದ್ಧತೆ ಬೇಕೇ ಬೇಕು.

ಒಂದು, ಪೋಷಕರ ಲಿಖಿತ ಒಪ್ಪಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಹೆಸರು, ಫೋನ್ ನಂಬರ್, ಪಿಜಿ ವಿಳಾಸ ಯಾವುದನ್ನೂ ನಕ್ಷೆಯ ಜೊತೆ ಇಡಬೇಡಿ. ‘ರಾತ್ರಿ 9.40ಕ್ಕೆ ಒಬ್ಬಳೇ ಈ ಓಣಿಯಲ್ಲಿ ಬರ್ತೀನಿ’ ಅನ್ನೋ ಚೀಟಿ ಹೆಸರಿನ ಸಮೇತ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ನೀವೇ ಅಪಾಯ ಸೃಷ್ಟಿ ಮಾಡಿದ ಹಾಗೆ. ವಯಸ್ಸಿನ ಗುಂಪು ಮತ್ತು ನಡೆಯೋ ಹೊತ್ತು ಸಾಕು.

ಎರಡು, ನಡಿಗೆ ಅಥವಾ ಸಭೆಯ ಮಧ್ಯೆ ಒಬ್ಬ ಹುಡುಗಿ ತನಗಾದ ಲೈಂಗಿಕ ಕಿರುಕುಳ ಹೇಳಿಕೊಳ್ಳಬಹುದು. ಅವಳು ಅಪ್ರಾಪ್ತೆಯಾಗಿದ್ದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅದು ಗೊತ್ತಾದವರು ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ಇದನ್ನ ಹುಡುಗಿಯರಿಗೆ ಶುರುವಿನಲ್ಲೇ ಹೇಳಿ, ‘ಇಲ್ಲಿ ಹೇಳಿದ್ದೆಲ್ಲಾ ಗುಟ್ಟು’ ಅಂತ ಸುಳ್ಳು ಭರವಸೆ ಕೊಡಬೇಡಿ. ತರಬೇತಾದ ಆಪ್ತಸಮಾಲೋಚಕಿ ಒಬ್ಬರು ಜೊತೆಗಿರಲಿ. 1098 (ಮಕ್ಕಳ ಸಹಾಯವಾಣಿ), 181 (ಮಹಿಳಾ ಸಹಾಯವಾಣಿ), 112 (ತುರ್ತು ಕರೆ) ಮೂರೂ ನಂಬರ್ ಎಲ್ಲರ ಕೈಯಲ್ಲಿರಲಿ.

ಸಪ್ತಾಪುರ ಓಣಿ
@ಕಾಯ್ದೆ ಕಟ್ಟು ಸರ್, ಈ ಎರಡನೇದು ಯಾವ ಕೈಪಿಡಿಯೊಳಗೂ ನೋಡಿರಲಿಲ್ಲ. ಒಪ್ಪಿಗೆ ಪತ್ರದಾಗ್ಲೇ ಸೇರಸ್ತೀವಿ.

ಡ್ಯಾನ್ಯೂಬ್ ತೀರ
ವಿಯೆನ್ನಾದಿಂದ ಬರೀತಿದ್ದೀನಿ. ಇಲ್ಲಿನ ಉದಾಹರಣೆ ನಿಮಗೆ ಉಪಯೋಗಕ್ಕೆ ಬರಬಹುದು. 90ರ ದಶಕದ ಮಧ್ಯದಲ್ಲಿ ಇಲ್ಲಿ ಉದ್ಯಾನಗಳ ಅಧ್ಯಯನ ಮಾಡಿದಾಗ, ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕ್‌ನಿಂದ ಮಾಯವಾಗ್ತಾರೆ, ಹುಡುಗರು ಹಾಗೇ ಇರ್ತಾರೆ ಅನ್ನೋದು ಕಂಡುಬಂತು. ಜಾಗದ ಪೈಪೋಟಿಯಲ್ಲಿ ಹುಡುಗಿಯರು ಬಿಟ್ಟುಕೊಡ್ತಿದ್ದರು. ಮಾರ್ಗರೆಟನ್ ಅನ್ನೋ 5ನೇ ಜಿಲ್ಲೆಯ ಐನ್‌ಸೀಡ್ಲರ್ ಪಾರ್ಕ್ ಮತ್ತು ಸೇಂಟ್ ಯೋಹಾನ್ ಪಾರ್ಕ್ ಎರಡನ್ನ 1999ರ ಸುಮಾರಿಗೆ ಪ್ರಯೋಗಕ್ಕೆ ತಗೊಂಡರು. ಕಾಲುದಾರಿ ಸರಿಮಾಡಿದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಕೊಟ್ಟರು, ದೊಡ್ಡ ಬಯಲನ್ನ ಸಣ್ಣ ಸಣ್ಣ ಭಾಗ ಮಾಡಿದರು. ಬಲೆ ಸುತ್ತಿದ ಆಟದ ಅಂಕಣಕ್ಕೆ ಒಂದೇ ಬಾಗಿಲು ಇದ್ದರೆ ಬಾಗಿಲಲ್ಲಿ ನಿಂತವರದ್ದೇ ಅಂಕಣ. ಎರಡು ಮೂರು ಕಡೆ ಅಗಲ ಬಾಗಿಲು ಇಟ್ಟರೆ ಆ ಹಿಡಿತ ತಪ್ಪುತ್ತೆ. ನಗರಾಡಳಿತದಲ್ಲಿ ಈ ಕೆಲಸ ಮುನ್ನಡೆಸಿದವರು ಏವಾ ಕೈಲ್.

ಧಾರವಾಡದ ಓಪನ್ ಜಿಮ್‌ಗಳಿಗೂ ಇದು ಅನ್ವಯಿಸುತ್ತೆ. ಒಂದೇ ಗೇಟು, ಗೇಟಿನ ಪಕ್ಕದಲ್ಲೇ ಬೆಂಚು, ಬೆಂಚಿನ ಮೇಲೆ ಯಾರು ಕೂತಿರ್ತಾರೆ ಅಂತ ಹೇಳಬೇಕಾಗಿಲ್ಲ.

ಉಣಕಲ್ ಏರಿ
ಪಾರ್ಕ್ ಬಿಡ್ರಿ, ಚಿಗರಿ ಬಸ್ (ಹುಬ್ಬಳ್ಳಿ-ಧಾರವಾಡ ನಡುವ ತನ್ನದ ದಾರಿಯೊಳಗ ಓಡೋ ಬಿಆರ್‌ಟಿಎಸ್ ಬಸ್) ಹೇಳ್ರಿ. ನಿಲ್ದಾಣ ರಸ್ತೆ ನಡುವ. ಇಳಿದ ಮ್ಯಾಲೆ ಗಾಡಿ ಓಡೋ ರಸ್ತೆ ದಾಟಬೇಕು. ರಾತ್ರಿ ಯಾರೂ ನಿಲ್ಲಸೂದಿಲ್ಲ. ಬಿಆರ್‌ಟಿಎಸ್ ಕಾರಿಡಾರನ್ನ ತಗದ ಬಿಡಬೇಕು.

ನಕ್ಷೆಗಾರ್ತಿ
ಕಾರಿಡಾರ್ ತೆಗೆಯೋ ಚರ್ಚೆಯನ್ನ ಬೇರೆ ಕಡೆ ಮಾಡೋಣ, ಇಲ್ಲಿ ಬೇಡ. ದಾಟೋದರ ಬಗ್ಗೆ ಮಾತ್ರ: ಚಿಗರಿಯ ಪ್ಲಾಟ್‌ಫಾರ್ಮ್ ಮೇಲೆ ಬೆಳಕೂ ಜನರೂ ಇರ್ತಾರೆ. ತೊಂದರೆ ಇರೋದು ಅಲ್ಲಿಂದ ಮನೆವರೆಗಿನ ಕೊನೆಯ ಅರ್ಧ ಕಿಲೋಮೀಟರ್‌ನಲ್ಲಿ. ಹಾಗಾಗಿ ನಡಿಗೆ ತನಿಖೆಯನ್ನ ನಿಲ್ದಾಣದ ಬಾಗಿಲಿಂದಲೇ ಶುರು ಮಾಡಿ, ಪಿಜಿಯ ಗೇಟಿನವರೆಗೆ. ಜೀಬ್ರಾ ಪಟ್ಟೆಯನ್ನ ರಸ್ತೆ ಮಟ್ಟದಿಂದ ಫುಟ್‌ಪಾತ್ ಮಟ್ಟಕ್ಕೆ ಎತ್ತಿದರೆ ವಾಹನದ ವೇಗ ತಾನಾಗಿ ಇಳಿಯುತ್ತೆ, ಗಾಲಿಕುರ್ಚಿಯೂ ದಾಟುತ್ತೆ.

ಪಕ್ಕದ ಸಾಮಾನ್ಯ ಬಸ್‌ಸ್ಟಾಪ್‌ಗಳನ್ನೂ ನೋಡಿ. ಜಾಹೀರಾತು ಫಲಕವನ್ನ ಬಸ್ ಬರೋ ಬದಿಗೇ ಹಾಕ್ತಾರೆ. ಕೂತವರಿಗೆ ಬಸ್ ಕಾಣೋದಿಲ್ಲ, ರಸ್ತೆಯಲ್ಲಿ ಹೋಗೋರಿಗೆ ಕೂತವರು ಕಾಣೋದಿಲ್ಲ. ಫಲಕ ಇನ್ನೊಂದು ಬದಿಗೆ ಹೋಗಲಿ, ಬೆನ್ನಿನ ಗೋಡೆ ಜಾಲರಿಯಾಗಲಿ, ನೆಲದಿಂದ ಅರ್ಧ ಮೀಟರ್ ತೆರೆದಿರಲಿ.

ಬೇಂದ್ರೆ ನಗರಿ
ಕಾರಿಡಾರ್ ಬೇಡ ಅನ್ನೋರು ಶಕ್ತಿ ಯೋಜನೆ ಬಂದಮೇಲೆ (2023ರ ಜೂನ್ 11) ಬಸ್‌ನಲ್ಲಿ ಎಷ್ಟು ಹೆಣ್ಣುಮಕ್ಕಳು ಓಡಾಡ್ತಾರೆ ನೋಡಿ ಮಾತಾಡ್ಲಿ.

ಉಣಕಲ್ ಏರಿ
ಅದಕ್ಕ ನಂದೇನೂ ತಕರಾರಿಲ್ರೀ. ರಸ್ತೆ ದಾಟೋದ ತಕರಾರು.

ಸಂಜೀ ಕಾಲೇಜು
ಮಾಂಟ್ರಿಯಲ್‌ನಲ್ಲಿ 1996ರಿಂದ ರಾತ್ರಿ ಹೊತ್ತು ಒಂಟಿ ಹೆಂಗಸರು ಎರಡು ಸ್ಟಾಪ್‌ಗಳ ನಡುವೆ ತಮಗೆ ಹತ್ತಿರದ ಜಾಗದಲ್ಲಿ ಇಳೀಬಹುದು. ಮಹಿಳಾ ಗುಂಪುಗಳು ಕೇಳಿ ಪಡೆದದ್ದು. ಕಾಂಕ್ರೀಟು ಬೇಡ, ಟೆಂಡರ್ ಬೇಡ, ಡ್ರೈವರ್‌ಗಳಿಗೆ ಒಂದು ಸುತ್ತೋಲೆ ಸಾಕು. ರಸ್ತೆ ಬದಿಯಲ್ಲಿ ನಿಲ್ಲೋ ಸಿಟಿ ಬಸ್‌ಗಳಿಗೆ ಇದನ್ನ ಕೇಳಬಹುದು, ಚಿಗರಿಗೆ ಆಗೋದಿಲ್ಲ, ಅದರ ಬಾಗಿಲು ಎತ್ತರದ ಪ್ಲಾಟ್‌ಫಾರ್ಮ್‌ಗೆ ಮಾತ್ರ ಹೊಂದೋದು.

ಜೋಳದ ರೊಟ್ಟಿ
ಮೈನ್‌ಕ್ರಾಫ್ಟ್ ಆಟದಾಗ ಹುಡುಗ್ಯಾರ ಕಡೆಯಿಂದ ಊರು ಕಟ್ಟಸ್ತಾರಂತಲ್ಲ, ಅದನ್ನ ಇಲ್ಲಿ ಮಾಡಬಹುದೇನ್ರಿ?

ನಕ್ಷೆಗಾರ್ತಿ
ಯುಎನ್-ಹ್ಯಾಬಿಟಾಟ್‌ನ ‘ಬ್ಲಾಕ್ ಬೈ ಬ್ಲಾಕ್’ ಅದು, 2012ರಿಂದ ನಡೀತಿದೆ. ಹನೋಯಿಯಲ್ಲಿ ಹದಿಹರೆಯದ ಹುಡುಗಿಯರು ತಮ್ಮ ಬಡಾವಣೆಯನ್ನ ಹಾಗೇ ಮರುವಿನ್ಯಾಸ ಮಾಡಿ ಅಧಿಕಾರಿಗಳ ಮುಂದಿಟ್ಟರು. ನಕ್ಷೆ ಓದೋಕೆ ಬಾರದವರೂ ಅದರಲ್ಲಿ ಕಟ್ಟಬಲ್ಲರು. ಅಧಿಕಾರಿ ಎದುರು ಮಾತು ಹೊರಡದ ಹುಡುಗಿ ಪರದೆ ತೋರಿಸಿ ವಿವರಿಸ್ತಾಳೆ. ಅದರ ಬೆಲೆ ದೊಡ್ಡದು.

ಆದರೆ ಒಂದು ಬ್ಲಾಕ್ ಅಂದರೆ 1 ಮೀಟರ್. ನಮ್ಮ ಫುಟ್‌ಪಾತ್ ಜಗಳ ಎಲ್ಲಾ ಸೆಂಟಿಮೀಟರ್‌ದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಫುಟ್‌ಪಾತ್ ಮಾನಕ ಐಆರ್‌ಸಿ 103ರ ಪ್ರಕಾರ ಫುಟ್‌ಪಾತ್‌ನಲ್ಲಿ ನಡೆಯೋ ಜಾಗ ಕನಿಷ್ಠ 1.8 ಮೀಟರ್, ವ್ಯಾಪಾರದ ಪ್ರದೇಶದಲ್ಲಿ 2.5, ಬಸ್‌ಸ್ಟಾಪ್ ಹತ್ತಿರ 3. ಕರ್ಬ್ (ಫುಟ್‌ಪಾತ್‌ನ ಅಂಚಿನ ಕಲ್ಲು) ಎತ್ತರ 15 ಸೆಂ.ಮೀ. ಮೀರಬಾರದು. 1.8ಕ್ಕೂ 1.2ಕ್ಕೂ ವ್ಯತ್ಯಾಸ ಏನು ಅಂದರೆ ಇಬ್ಬರು ಜೊತೆಯಾಗಿ ನಡೀಬಹುದು ಅಥವಾ ಒಬ್ಬಳು ರಸ್ತೆಗಿಳೀಬೇಕು. ಬ್ಲಾಕ್‌ನಲ್ಲಿ ಅದು ಕಾಣೋದೇ ಇಲ್ಲ.

ಅದಕ್ಕಿಂತ ಅಗ್ಗದ್ದು: ಸುಣ್ಣದ ಪುಡಿ. ಒಂದು ಶನಿವಾರ-ಭಾನುವಾರ, ಟ್ರಾಫಿಕ್ ಪೊಲೀಸರ ಅನುಮತಿ ತಗೊಂಡು, ಹೊಸ ಫುಟ್‌ಪಾತ್‌ನ ಅಂಚನ್ನ ರಸ್ತೆ ಮೇಲೇ ನಿಜ ಅಳತೆಯಲ್ಲಿ ಗೆರೆ ಎಳೀರಿ. ಕೋನ್ ಇಡಿ, ಬೆಂಚಿನ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಇಡಿ, ಗಾಡಿಗೆ ಚೌಕ ಬರೀರಿ. ಎರಡು ದಿನದಲ್ಲಿ ಯಾವ ಕುರ್ಚಿ ಯಾರೂ ಮುಟ್ಟಲಿಲ್ಲ, ಯಾವುದನ್ನ ಎಳೆದು ಎಲ್ಲಿಗೆ ಹಾಕಿಕೊಂಡರು ಅಂತ ನೋಡಿದರೆ ಬೆಂಚಿನ ಜಾಗ ತಾನಾಗಿ ಗೊತ್ತಾಗುತ್ತೆ.

ಹಳೇ ಜಂಕ್ಷನ್
ಬೆಂಚು ಹಾಕಿದ್ರ ಪುಂಡರು ಕೂರ್ತಾರ. ಅದಕ್ಕ ಎಷ್ಟೋ ಕಡೆ ಕಿತ್ತು ಹಾಕ್ಯಾರ.

ಸಂಜೀ ಕಾಲೇಜು
ಉದ್ದ ಒಂದೇ ಬೆಂಚು ಮೂಲೆಯಲ್ಲಿ ಹಾಕಿದರೆ ಹಾಗೇ ಆಗೋದು. ಸ್ವೀಡನ್‌ನ ಉಮಿಯೋ ಊರಲ್ಲಿ ಹದಿಹರೆಯದ ಹುಡುಗಿಯರನ್ನೇ ಕೇಳಿ ‘ಫ್ರಿಜೋನ್’ ಅಂತ ಒಂದು ಜಾಗ ಮಾಡಿದ್ದಾರೆ. ಚಾವಣಿ ಕೆಳಗೆ ತೂಗೋ ಆಸನಗಳು, ಬೆಳಕು, ಫೋನಿನಿಂದ ಹಾಡು ಹಾಕೋ ವ್ಯವಸ್ಥೆ. ಅವರು ಕೇಳಿದ್ದು ಯಾವ ಆಟಕ್ಕೂ ಸ್ಪರ್ಧೆಗೂ ಅಲ್ಲದೆ, ಸುಮ್ಮನೆ ಕೂತು ಮಾತಾಡೋ ಜಾಗ. ಅಂಗಡಿಗಳ ಎದುರು, ಎದುರುಬದುರು, ಇಬ್ಬರು ಮೂವರು ಕೂರೋ ಸಣ್ಣ ಆಸನಗಳು ಹಾಕಿ. ಹತ್ತು ಜನರ ಗುಂಪಿಗೆ ಅವು ಅನುಕೂಲ ಆಗೋದಿಲ್ಲ. ನಾಲ್ಕು ಹುಡುಗರಿಗೆ ಹೆದರಿ ಕಿತ್ತ ಬೆಂಚಿನ ಜೊತೆ ಹುಡುಗಿಯರು, ಅಜ್ಜಿಯರು, ಬಸುರಿಯರು ಎಲ್ಲರೂ ಎದ್ದು ಹೋಗ್ತಾರೆ.

ಕೆಲಗೇರಿ ದಂಡೆ
ಶೌಚಾಲಯದ ಹೆಸರು ಇನ್ನೂ ಯಾರೂ ತಗೀಲಿಲ್ಲ ಅಂದ್ರ ಹೆಂಗ್ರೀ! ನೀರು ಕುಡೀದ ಓದೋ ಹುಡುಗ್ಯಾರು ಅದಾರ. ಬಾಗಿಲು ರಸ್ತೆ ಕಡೆಗೆ ಇರಬೇಕು, ಹಿಂದಿನ ಸಂದಿ ಕಡೆಗಲ್ಲ. ಗಂಡಸರ ಬಾಗಿಲು, ಹೆಂಗಸರ ಬಾಗಿಲು ಒಂದೇ ಪಡಸಾಲಿಗೆ ತೆರೀಬಾರದು. ಒಳಗ ಗಟ್ಟಿ ಚಿಲಕ, ಬ್ಯಾಗ್ ಹಾಕಾಕ ಗೂಟ, ಮುಚ್ಚಳದ ಡಬ್ಬಿ, ನಳಕ್ಕ ನೀರು. ಮತ್ತ ಮುಚ್ಚೋ ಹೊತ್ತು! ರಾತ್ರಿ 8ಕ್ಕ ಕೀಲಿ ಹಾಕೋ ಶೌಚಾಲಯ 10ಕ್ಕ ಬರೋರಿಗೆ ಎದಕ್ಕ? ನಿರ್ವಹಣೆ ಗುತ್ತಿಗಿಯೊಳಗ ತಾಸು ಬರೆಸ್ರಿ.

ಮಲ್ಲಿಗೆ ಮಾಳ
ಫುಟ್‌ಪಾತ್ ಮೇಲೆ ಬೈಕ್ ಹತ್ತದ ಹಾಗೆ ಬೊಲ್ಲಾರ್ಡ್ (ಗಿಡ್ಡ ತಡೆಗಂಬ) ಹಾಕಿಸಿದರೆ?

ಎಸ್ಟಿಮೇಟ್ ರಾಯರು
ಬೊಲ್ಲಾರ್ಡ್‌ನಿಂದ ಬೈಕ್ ನಿಲ್ಲೋದಿಲ್ಲ ತಂಗಿ. ಗಾಲಿಕುರ್ಚಿಗೆ ನಡುವೆ ಕನಿಷ್ಠ 90 ಸೆಂ.ಮೀ. ಬಿಡಬೇಕು, ಬೈಕಿನ ಹ್ಯಾಂಡಲ್ ಅದಕ್ಕಿಂತ ಕಿರಿದು. ಗೇಟುಗಳ ಹತ್ತಿರ ಫುಟ್‌ಪಾತನ್ನು ಪೂರ್ತಿ ಇಳಿಸದೆ ಅದೇ ಮಟ್ಟದಲ್ಲಿ ಮುಂದುವರಿಸಿ, ಕರ್ಬ್ ಬದಿಗೆ ಮಾತ್ರ ಸಣ್ಣ ಇಳಿಜಾರು ಕೊಡಬೇಕು. ಬೈಕಿಗೆ ಬೇರೆ ಜಾಗ ಗುರುತಿಸಬೇಕು. ಕೋಚಿಂಗ್ ಸೆಂಟರ್ ಎದುರು ಆ ಜಾಗ ಕೊಡದೆ ಬರೇ ಫುಟ್‌ಪಾತ್ ಕಟ್ಟಿದರೆ ಅದೇ ಪಾರ್ಕಿಂಗ್ ಆಗುತ್ತದೆ.

ಇನ್ನು ಮುಖ್ಯ ಪ್ರಶ್ನೆಗೆ ಬರ್ತೀನಿ, ಹೇಳಿದ್ದು ಕೆಲಸಕ್ಕೆ ಬರೋದು ಹೇಗೆ ಅಂತ. ಎಸ್ಟಿಮೇಟ್‌ನಲ್ಲಿ ಒಂದು ಸಾಲಾಗಿ ಇಲ್ಲದ್ದು ನೆಲದ ಮೇಲೆ ಬರೋದಿಲ್ಲ. ‘ಮಹಿಳಾಸ್ನೇಹಿ ವಾತಾವರಣ ಕಲ್ಪಿಸುವುದು’ ಅಂತ ಬರೆದರೆ ಯಾವ ಗುತ್ತಿಗೆದಾರನೂ ಅದನ್ನ ಕಟ್ಟಲಾರ. ನಡಿಗೆ ಮುಗಿದ ವಾರದೊಳಗೆ ಹುಡುಗಿಯರೂ ಎಂಜಿನಿಯರೂ ಒಟ್ಟಿಗೆ ಕೂತು ಒಂದು ಪಟ್ಟಿ ಮಾಡಬೇಕು. ಕಂಬದ ನಂಬರ್ ಅಥವಾ ಶುರುವಿನಿಂದ ಎಷ್ಟನೇ ಮೀಟರ್, ತೊಂದರೆ ಏನು, ಏನು ಬದಲಾಗಬೇಕು, ಎಷ್ಟು ಸಂಖ್ಯೆ ಅಥವಾ ಎಷ್ಟು ಮೀಟರ್, ಎಸ್‌ಆರ್ ಅನ್ನೋ ಸರ್ಕಾರಿ ದರಪಟ್ಟಿಯಲ್ಲಿ ಬಾಬು ಇದೆಯಾ, ಯಾರ ಹೊಣೆ. ಈ ಕೊನೆಯ ಕಾಲಂ ಬಹಳ ಮುಖ್ಯ. ಟಿ.ಸಿ. ಪಕ್ಕಕ್ಕೆ ಸರಿಸೋದು ಹೆಸ್ಕಾಂ, ದೀಪ ಪಾಲಿಕೆ, ರಸ್ತೆ ಕೆಲವು ಕಡೆ ಲೋಕೋಪಯೋಗಿ, ಸಿಗ್ನಲ್ ಸಮಯ ಟ್ರಾಫಿಕ್ ಪೊಲೀಸ್. ನಾಲ್ಕೂ ಕಡೆಯವರು ಒಂದೇ ಸಭೆಗೆ ಬಾರದಿದ್ದರೆ ‘ಅದು ನಮ್ಮದಲ್ಲ’ ಅನ್ನೋ ಮಾತಲ್ಲೇ ವರ್ಷ ಹೋಗುತ್ತದೆ.

ಎಲ್ಲಾ ಬೇಡಿಕೆ ಒಂದೇ ಕಾಮಗಾರಿಯಲ್ಲಿ ತುಂಬಬೇಡಿ. ಕೊಂಬೆ ಸವರೋದು, ಕೆಟ್ಟ ದೀಪ, ಜಾಹೀರಾತು ಫಲಕ ಸರಿಸೋದು ನಿರ್ವಹಣೆ ಲೆಕ್ಕದಲ್ಲಿ ತಿಂಗಳೊಳಗೆ ಆಗೋ ಕೆಲಸ. ಅವನ್ನ ಮೊದಲು ಮಾಡಿಸಿ. ಕಣ್ಣೆದುರು ಒಂದು ಬದಲಾವಣೆ ಕಂಡರೆ ಹುಡುಗಿಯರು ಎರಡನೇ ಸಭೆಗೂ ಬರ್ತಾರೆ. ಗೋಡೆ, ಫುಟ್‌ಪಾತ್, ಕಂಬ ಮುಂದಿನ ಬಜೆಟ್‌ಗೆ. ಪಾಲಿಕೆ ಬಜೆಟ್ ಮಾರ್ಚ್ ಹೊತ್ತಿಗೆ ಆಗೋದು, ಪಟ್ಟಿ ಡಿಸೆಂಬರ್‌ನಲ್ಲೇ ವಾರ್ಡ್ ಸಮಿತಿಗೂ ಕಾರ್ಪೊರೇಟರ್‌ಗೂ ಮುಟ್ಟಿರಬೇಕು.

ಬೇಂದ್ರೆ ನಗರಿ
ಕಾರ್ಪೊರೇಟರ್ ಮಹಿಳೆ ಇದ್ದರೆ ಅವರಿಗೇ ಕೊಡಿ, ಅವರ ಪತಿಯ ಕೈಗೆ ಬೇಡ. ಅರ್ಧದಷ್ಟು ಸ್ಥಾನ ಮೀಸಲಿದೆ, ಅವರನ್ನೇ ನಡಿಗೆಗೆ ಕರೀರಿ.

ಜೋಳದ ರೊಟ್ಟಿ
ಗಂಡುಹುಡುಗರನ್ನ ಪೂರ್ತಿ ಹೊರಗ ಇಡಬೇಕೇನ್ರಿ?

ನಕ್ಷೆಗಾರ್ತಿ
ನಡಿಗೆಯಲ್ಲಿ ಬೇಡ, ಹುಡುಗಿಯರ ಮಾತಿನ ವರಸೆಯೇ ಬದಲಾಗುತ್ತೆ. ಹಿಂದೆ 50 ಮೀಟರ್ ದೂರದಲ್ಲಿ ಇಬ್ಬರು ಸ್ವಯಂಸೇವಕರು ಇರಬಹುದು. ಸುಣ್ಣದ ಗೆರೆಯ ದಿನ ಎಲ್ಲರೂ ಬರಲಿ.

ಸಪ್ತಾಪುರ ಓಣಿ
ಎಲ್ಲಾರಿಗೂ ಮನಸಾರೆ ಧನ್ಯವಾದ. ಕೊನೀ ಪ್ರಶ್ನೆ: ಎಸ್ಟಿಮೇಟ್‌ನಾಗ ನಮ್ಮ ಸಾಲು ಸೇರ್ಯಾವೋ ಇಲ್ಲೋ ಅಂತ ನೋಡೋದು ಹೆಂಗ? ಕೆಲಸ ಆದಮ್ಯಾಲೆ?

ಎಸ್ಟಿಮೇಟ್ ರಾಯರು
ಕೇಳಿದರೆ ಕೊಡಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, 30 ದಿನ. ‘ಮಂಜೂರಾದ ಎಸ್ಟಿಮೇಟ್, ವಿವರವಾದ ನಕ್ಷೆ, ಟೆಂಡರ್‌ನ ಬಾಬುಪಟ್ಟಿ’ ಅಂತ ಮೂರೂ ಹೆಸರು ಹೇಳಿ ಕೇಳಿ, ‘ಎಲ್ಲಾ ದಾಖಲೆ’ ಅಂತ ಬರೀಬೇಡಿ.

ಕೆಲಸ ಮುಗಿದ ಮೇಲೆ ಅದೇ ಗುಂಪು, ಅದೇ ಕಂಬಗಳು, ಅದೇ ನಾಲ್ಕು ಹೊತ್ತು, ಅದೇ ಐದು ಕಡೆ ಲಕ್ಸ್, ಅದೇ 5 ನಿಮಿಷದ ಎಣಿಕೆ. ಗುತ್ತಿಗೆದಾರನ ದೋಷ ಹೊಣೆ ಅವಧಿ ಮುಗಿಯೋ ಮೊದಲೇ ಮಾಡಿ, ಆಗ ರಿಪೇರಿ ಅವನ ಖರ್ಚಿನಲ್ಲಿ ಆಗುತ್ತದೆ. ಅವಧಿ ಎಷ್ಟು ಅಂತ ಟೆಂಡರ್ ಕಾಗದದಲ್ಲೇ ಇರುತ್ತದೆ.

ಕಂಬದ ಕೆಳಗೆ
ಮತ್ತ ಎರಡನೇ ಅಳತಿ ಮಳಿಗಾಲ ಮುಗಿದ ಮ್ಯಾಲೆ ಮಾಡ್ರಿ. ಗಿಡ ಚಿಗುರಿ ತಲಿ ಇಳಿದಿರ್ತದ, ಬೇಸಿಗ್ಯಾಗ ಪಾಸಾದ ದೀಪ ಅಕ್ಟೋಬರ್‌ನಾಗ ಫೇಲ್ ಆಗ್ತದ. ಲಕ್ಸ್ ಮೀಟರ್‌ಗೆ ಹೊಸ ಸೆಲ್ ಹಾಕ್ಕೊಂಡು ಹೋಗ್ರಿ.